ಹಲ್ಲು ಬಿಳಿ ಮಾಡುವ ಆ್ಯಪ್: ಒಂಬತ್ತು ತಿಂಗಳು ಬಳಸಿದ ಮೇಲೆ

ನಮ್ಮ ಅಡಿಕೆ ಮಂಡಿಯಲ್ಲಿ ಏಳು ಜನ ಇದ್ದೇವೆ. ಅದರಲ್ಲಿ ಐದು ಜನರ ಹಲ್ಲು ಕೆಂಪು. ಬೆಳಿಗ್ಗೆ ಬಾಗಿಲು ತೆಗೆದು, ದೇವರ ಫೋಟೋಗೆ ಊದುಬತ್ತಿ ಹಚ್ಚಿ, ಮೊದಲ ಕವಳ, ಅಂದರೆ ಎಲೆ ಅಡಿಕೆ, ಹಾಕಿದ ಮೇಲೇ ಲೆಕ್ಕದ ಪುಸ್ತಕ ತೆರೆಯುವ ಜಾಗ ಇದು. ಇಂಥಲ್ಲಿ ಕೂತು ಫೋಟೋ ಎಡಿಟ್ ಮಾಡುವ ಎಐ ಆ್ಯಪ್ ಒಂದನ್ನು ಒಂಬತ್ತು ತಿಂಗಳು ದುಡ್ಡು ಕೊಟ್ಟು ಬಳಸಿದ್ದೇನೆ. ಮಂಡಿ ಕೆಲಸಕ್ಕೆ ಅಂತ ತಿಳಿಯಬೇಡಿ. ಜೊತೆಯವರ ಕಾಲೆಳೆಯುವುದಕ್ಕೆ.

ಆ್ಯಪ್‌ನ ಹೆಸರು ಹೇಳುವುದಿಲ್ಲ. ಬೈಯುವುದು ಸ್ವಲ್ಪ ಜಾಸ್ತಿ ಇದೆ. ಇಂಥವು ಈಗ ಹತ್ತಾರಿವೆ, ಗುಣವೂ ಹೆಚ್ಚು ಕಡಿಮೆ ಒಂದೇ. ಏನೇನು ಮಾಡುತ್ತದೆ ಅನ್ನುವ ಪಟ್ಟಿ ಪ್ಲೇಸ್ಟೋರ್‌ನಲ್ಲೇ ಇದೆ, ಅಲ್ಲಿ ಓದಿಕೊಳ್ಳಿ. ಅಲ್ಲಿ ಬರೆಯದ ಒಂದು ವಿಷಯ ನನಗೆ ಗೊತ್ತು. ಈ ಆ್ಯಪ್‌ಗೆ ಕೆಂಪು ಹಲ್ಲು ಕಂಡರೆ ಆಗುವುದಿಲ್ಲ.

ಶುರುವಾಗಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಆಗಸ್ಟ್ ಕೊನೆಗೆ ನ್ಯಾನೋ ಬನಾನಾ ಅನ್ನುವ, ಫೋಟೋ ತಿದ್ದುವ ಗೂಗಲ್‌ನ ಎಐ ಬಂದಿತ್ತು. ಎಲ್ಲರ ಸ್ಟೇಟಸ್‌ನಲ್ಲೂ ಮೇಜಿನ ಮೇಲೆ ಗೊಂಬೆಯಾಗಿ ನಿಂತ ಗಂಡಸರು, ಹಳೇ ಸಿನಿಮಾದ ಹಾಗೆ ಸೆರಗು ಹಾರಿಸುವ ಹೆಂಗಸರು. ನಮ್ಮ ಸ್ಯಾಂಪಲ್ ಹುಡುಗ ತಾನೂ ಗೊಂಬೆಯಾಗಿ ಬಂದ. ಮಳೆ ಬಿಟ್ಟಿರಲಿಲ್ಲ. ಹೊಸ ಅಡಿಕೆಗೆ ಇನ್ನೂ ಸಮಯ ಇತ್ತು, ಆವಕ ಕಡಿಮೆ. ಮಧ್ಯಾಹ್ನ ಊಟ ಮುಗಿದರೆ ಚೀಲ ಎಣಿಸುವುದು, ಆಕಳಿಸುವುದು, ಎರಡೇ ಕೆಲಸ. ಅಂಥ ಒಂದು ದಿನ ತಿಂಗಳಿಗೆ 249 ರೂಪಾಯಿಯ ಚಂದಾ ಒತ್ತಿಬಿಟ್ಟೆ. ನನ್ನ ಸಂಬಳಕ್ಕೆ ಅದು ಸಣ್ಣ ದುಡ್ಡಲ್ಲ. ತಿಂಗಳಲ್ಲಿ ಎರಡು ಭಾನುವಾರ ಹೋಟೆಲಿನ ಮಸಾಲೆ ದೋಸೆ ಬಿಟ್ಟರೆ ಸರಿದೂಗುತ್ತದೆ ಅಂತ ಲೆಕ್ಕ ಹಾಕಿದೆ. ದೋಸೆ ಬಿಡಲಿಲ್ಲ ಅನ್ನುವುದು ಬೇರೆ ಮಾತು.

ಒಂದು ಪದ್ಧತಿ ತಾನಾಗೇ ಬೆಳೆಯಿತು. ಮೂರೂವರೆಗೆ ಟೀ ಹುಡುಗ ಫ್ಲಾಸ್ಕ್ ಹಿಡಿದು ಬರುತ್ತಾನೆ. ಆಗ ಎಲ್ಲರೂ ತಮ್ಮ ತಮ್ಮ ಜಾಗ ಬಿಟ್ಟು ಕಿಟಕಿ ಹತ್ತಿರ ಸೇರುತ್ತಾರೆ, ಯಾಕೆಂದರೆ ಲೋಟ ಇಡಲು ಕಟ್ಟೆ ಇರುವುದು ಅಲ್ಲಿ ಮಾತ್ರ. ಮಳೆಗಾಲದ ಬೆಳಕು ಕಿಟಕಿಯಿಂದ ಒಂದೇ ಹದದಲ್ಲಿ ಬೀಳುತ್ತದೆ, ಮುಖದ ಮೇಲೆ ನೆರಳು ಇರುವುದಿಲ್ಲ. ಒಳಗಿನ ಟ್ಯೂಬ್‌ಲೈಟ್‌ನಲ್ಲಿ ತೆಗೆದ ಫೋಟೋವನ್ನು ಬಯಲಿನಲ್ಲಿ ನಿಲ್ಲಿಸಿದರೆ ಮುಖ ಮಾತ್ರ ಬೇಯಿಸದ ಕಡುಬಿನ ಹಾಗೆ ಬಿಳಚಿಕೊಂಡು ಕಾಣುತ್ತದೆ. ಹಾಗಾಗಿ ನಾನು ಮೂಟೆ ಮೇಲೆ ಕೂತು, ಮೆಸೇಜ್ ನೋಡುವವನ ಹಾಗೆ ನಟಿಸಿ, ಟೀ ಕುಡಿಯುವವರ ಫೋಟೋ ತೆಗೆಯುತ್ತೇನೆ. ತಲೆ ಮೇಲೆ ಸ್ವಲ್ಪ ಜಾಗ ಬಿಡಬೇಕು. ಟೊಪ್ಪಿಯೋ ಕಿರೀಟವೋ ಇಡಲು ಬೇಕಾಗುತ್ತದೆ. ನಾಲ್ಕು ಗಂಟೆಗೆ ಸರಿಯಾಗಿ ನಮ್ಮ ಏಳು ಜನರ ಗ್ರೂಪಿಗೆ ಚಿತ್ರ ಬೀಳಬೇಕು. ಬಿದ್ದ ಮೇಲೆ ತಲೆ ಎತ್ತದೆ ಲೆಡ್ಜರ್ ನೋಡುತ್ತಾ ಕೂರಬೇಕು. ಮೊದಲು ಯಾರ ಫೋನು ಗುಂಯ್ ಅನ್ನುತ್ತದೆ, ಯಾರ ಕುರ್ಚಿ ಕಿರ್ ಅನ್ನುತ್ತದೆ, ಅದನ್ನು ಕೇಳುವ ಸುಖಕ್ಕೇ ಅರ್ಧ ದುಡ್ಡು ಸಲ್ಲುತ್ತದೆ.

ಮೊದಮೊದಲು ದೊಡ್ಡ ದೊಡ್ಡ ತಮಾಷೆ ಮಾಡಿದೆ. ಸಾಹುಕಾರರ ಕುರ್ಚಿಯಲ್ಲಿ ಕಾಡುಕೋಣ. ಕಂಪ್ಯೂಟರ್ ಮುಂದೆ ಮಂಗ. ಜೋಗದ ನೆತ್ತಿಯಲ್ಲಿ ನಮ್ಮ ಮಂಡಿಯ ಹಳೇ ಲಗೇಜ್ ಆಟೋ. ಇಲ್ಲೊಂದು ದೂರು: ಜೋಗ ಅಂದರೆ ಈ ಆ್ಯಪ್ ಯಾವುದೋ ಪರದೇಶದ ಜಲಪಾತ ತಂದು ನಿಲ್ಲಿಸುತ್ತದೆ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸೇರಿ ಒಂದೇ ಪರದೆ. ನಾವೇ ತೆಗೆದ ಜೋಗದ ಫೋಟೋ ಕೊಟ್ಟು, ಇದರ ಮೇಲೆ ಮಾಡು ಅಂದರೆ ಸರಿ. ಅಡಿಕೆ ಹಾಳೆಯ ಟೊಪ್ಪಿ ಕೇಳಿದರೆ ಕೌಬಾಯ್ ಟೋಪಿ ಕೊಟ್ಟಿತು. ಕೆಂಪಡಿಕೆ ರಾಶಿ ಅಂದಾಗ ಜಾಯಿಕಾಯಿಯಂಥ ಏನನ್ನೋ ಸುರಿಯಿತು. ಇಂಗ್ಲಿಷಿನಲ್ಲಿ ಬೀಟಲ್ ನಟ್ ಅಂತ ಬರೆದೆ, ವೀಳ್ಯದೆಲೆ ಬಂತು. ಕನ್ನಡದಲ್ಲಿ ಹೇಳಿದ್ದು ಬಹುಪಾಲು ಅರ್ಥವಾಗುತ್ತದೆ, ಬರೆಯಲು ಮಾತ್ರ ಬರುವುದಿಲ್ಲ. ಬೋರ್ಡಿನ ಮೇಲೆ ‘ಶಿವಮೊಗ್ಗ’ ಅಂತ ಬರೆ ಅಂದರೆ ಒತ್ತಕ್ಷರ ಕಳಚಿ ಬಿದ್ದು ‘ಶಿವಮೊಗಗ’ ಆಗುತ್ತದೆ. ಅಕ್ಷರ ಬೇಕಿದ್ದರೆ ಬೇರೆ ಆ್ಯಪ್‌ನಲ್ಲಿ ಹಾಕಿಕೊಳ್ಳಿ.

ಸ್ವಲ್ಪ ದಿನ ಆದ ಮೇಲೆ ಗೊತ್ತಾಯಿತು, ಕಾಡುಕೋಣವನ್ನು ಯಾರೂ ನಂಬುವುದಿಲ್ಲ. ಒಂದು ಸಲ ನಕ್ಕು ಮುಗಿಯಿತು. ಚಿಕ್ಕದು ಮಾಡಿದರೆ ಮಜಾ. ಬಿಲ್ಲಿಂಗ್ ಅಕ್ಕನ ಹೂವಿನ ಕೊಡೆ ಬಾಗಿಲ ಹಿಂದೆ ನೇತಾಡುತ್ತಿತ್ತು. ಅದನ್ನು ಹೊರಗಿನ ಶೀಟಿನ ಸೂರಿನ ತುದಿಗೆ ಸಿಕ್ಕಿಸಿದ ಹಾಗೆ ಚಿತ್ರ ಮಾಡಿದೆ. ಸೂರಿನ ಫೋಟೋ ನಾನೇ ತೆಗೆದದ್ದು, ಮಳೆಹನಿ ಸಮೇತ. ಅಕ್ಕ ಚಿತ್ರ ನೋಡಿದರು, ಬಾಗಿಲ ಹಿಂದೆ ನೋಡಲೇ ಇಲ್ಲ, ಸೀದಾ ಮಳೆಗೆ ಇಳಿದರು. ಒದ್ದೆಯಾಗಿ ಬಂದು ಎರಡು ದಿನ ನನ್ನ ವೋಚರ್‌ಗಳನ್ನೆಲ್ಲ ಕಟ್ಟಿನ ಅಡಿಗೆ ಹಾಕಿದರು. ಮೂರನೇ ದಿನ ಅವರೇ ಬಂದು, ‘ನಾಳೆ ಸಾಹುಕಾರರ ಚಪ್ಪಲಿ ಹಾಗೆ ಮಾಡಿ’ ಅಂದರು.

ಈಗ ಹಲ್ಲಿನ ವಿಷಯಕ್ಕೆ ಬರುತ್ತೇನೆ.

ನಮ್ಮಲ್ಲಿ ತೂಕಕ್ಕೆ ನಿಲ್ಲುವವರನ್ನು ಎಲ್ಲರೂ ಮಾವ ಅನ್ನುತ್ತೇವೆ. ವಯಸ್ಸು ಅರವತ್ತರ ಮೇಲೆ. ಕವಳ ಬಾಯಲ್ಲಿ ಇಲ್ಲದ ಹೊತ್ತು ಅಂದರೆ ನಿದ್ದೆ ಮಾಡುವಾಗ ಮಾತ್ರ. ದಸರಾ ಹತ್ತಿರ ಇತ್ತು. ಶಿವಮೊಗ್ಗದ ದಸರಾ ಮೆರವಣಿಗೆಗೆ ಸಕ್ರೆಬೈಲಿನ ಆನೆಗಳು ಬರುತ್ತವಲ್ಲ, ಹಾಗೇ ಮಾವನನ್ನು ಆನೆ ಮೇಲೆ ಕೂರಿಸಿದೆ. ಅಂಬಾರಿಯ ತಂಟೆಗೆ ಹೋಗಲಿಲ್ಲ, ಅದು ದೇವಿಯದು. ಬರೀ ಆನೆ, ಬೆನ್ನ ಮೇಲೆ ಒಂದು ಗೋಣಿಚೀಲ, ಅದರ ಮೇಲೆ ಮಾವ, ಕೈಯಲ್ಲಿ ತಕ್ಕಡಿ. ಆನೆ ಕಿವಿಯ ಚುಕ್ಕೆ, ಮಾವನ ಅಂಗಿಯ ಹರಿದ ಜೇಬು, ಎಲ್ಲ ಒಪ್ಪವಾಗಿ ಬಂದಿತ್ತು. ಮಾವ ಬಾಯ್ತುಂಬ ನಗುತ್ತಿದ್ದರು. ಬಾಯಿ ತುಂಬ ಮೂವತ್ತೆರಡೂ ಬಿಳೀ ಹಲ್ಲು. ಮುಂದಿನದೊಂದು ಬಿದ್ದು ವರ್ಷಗಳಾಗಿತ್ತು, ಅದನ್ನೂ ಆ್ಯಪ್ ಕಟ್ಟಿಸಿಕೊಟ್ಟಿತ್ತು.

ನಾನು ಗಮನಿಸಲೇ ಇಲ್ಲ. ನಾಲ್ಕಕ್ಕೆ ಹಾಕಿಬಿಟ್ಟೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾವ ಮಾತ್ರ ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಆನೆ ಪರದೆಯಿಂದ ಹೊರಗೆ ಹೋಯಿತು, ಬಾಯಿ ಒಂದೇ ಉಳಿಯಿತು. ‘ಎಂತದಾ ಇದು? ಯಾರ ಹಲ್ಲು?’ ಅಂದರು. ಮಾರನೇ ದಿನ ಟೀ ಹೊತ್ತಿಗೆ ಯಾರೋ ಏನೋ ಅಂದಾಗ ಮಾವ ನಕ್ಕರು, ನಗುವಾಗ ಹೆಗಲ ಮೇಲಿನ ಟವೆಲನ್ನು ಬಾಯಿಗೆ ಅಡ್ಡ ಹಿಡಿದರು. ಅಷ್ಟು ವರ್ಷದಲ್ಲಿ ಅವರು ಹಾಗೆ ಮಾಡಿದ್ದು ನಾನು ನೋಡಿರಲಿಲ್ಲ. ನನಗೆ ಆ ದಿನದ ಟೀ ಇಳಿಯಲಿಲ್ಲ.

ಆ ಮೇಲೆ ಹಳೇ ಚಿತ್ರಗಳನ್ನೆಲ್ಲ ತೆಗೆದು ನೋಡಿದೆ. ಎಲ್ಲರದೂ ಹಾಗೇ. ಐದೂ ಜನರ ಹಲ್ಲು ಬಿಳಿ. ಹಮಾಲಿ ಅಣ್ಣನ ಬಣ್ಣ ಎರಡು ಪಟ್ಟು ತಿಳಿಯಾಗಿದೆ. ಸಾಹುಕಾರರ ಹಣೆಯ ಗಾಯದ ಗೆರೆ ಮಾಯ. ನಾನು ಕೇಳಿದ್ದು ಟೋಪಿ ಹಾಕು, ಮಂಗ ಕೂರಿಸು ಅಂತ ಅಷ್ಟೇ. ಮುಖ ತಿದ್ದು ಅಂತ ಎಲ್ಲೂ ಹೇಳಿರಲಿಲ್ಲ.

ಯಾಕೆ ಹೀಗೆ ಅಂತ ತಿಳಿಯಲು ಸುಮಾರು ಓದಿದೆ. ನಾವೆಲ್ಲ ತಿಳಿದ ಹಾಗೆ ಇದು ಕತ್ತರಿಸಿ ಅಂಟಿಸುವ ಕೆಲಸ ಮಾಡುವುದಿಲ್ಲ. ಅಕ್ಕಿರೊಟ್ಟಿಯ ಅಂಚು ಸರಿ ಇಲ್ಲ ಅಂತ ನಾವು ಹೇಳಿದರೆ, ಅದು ಬರೀ ಅಂಚು ಮುಟ್ಟಿ ಬಿಡುವುದಿಲ್ಲ. ಮೊದಲ ರೊಟ್ಟಿಯನ್ನು ನೋಡಿಕೊಂಡು ಹೊಸ ಹಿಟ್ಟಿನಲ್ಲಿ ಇಡೀ ರೊಟ್ಟಿಯನ್ನೇ ಮತ್ತೆ ತಟ್ಟುತ್ತದೆ. ಹಾಗೆ ತಟ್ಟುವಾಗ ತಾನು ಕಲಿತ ಕೋಟ್ಯಂತರ ಫೋಟೋಗಳ ಕಡೆಗೆ ವಾಲುತ್ತದೆ. ಆ ಫೋಟೋಗಳಲ್ಲಿ ನಗುವವರ ಹಲ್ಲು ಬಿಳಿಯೇ ಇರಬೇಕು. ಅಡಿಕೆ ಮಂಡಿಯ ಟೀ ಹೊತ್ತಿನ ಫೋಟೋ ಅದಕ್ಕೆ ಯಾರು ತೋರಿಸಿರುತ್ತಾರೆ? ಒಂದು ಸಲ ತಿದ್ದಿದ ಚಿತ್ರವನ್ನೇ ಮತ್ತೆ ಮತ್ತೆ ತಿದ್ದಿದರೆ ಜೆರಾಕ್ಸ್‌ನ ಜೆರಾಕ್ಸ್ ತೆಗೆದ ಹಾಗೆ, ನಾಲ್ಕನೆಯ ಸಲಕ್ಕೆ ಮಾವ ಮಾವನ ತಮ್ಮನಾಗುತ್ತಾರೆ, ಏಳನೆಯ ಸಲಕ್ಕೆ ಯಾರೋ ದಾರಿಹೋಕರು.

ನಾನು ಕಂಡುಕೊಂಡ ಉಪಾಯ ಹೇಳುತ್ತೇನೆ, ಬೇಕಾದವರಿಗೆ ಆದೀತು. ಪ್ರತಿ ಸಲ ಮೂಲ ಫೋಟೋದಿಂದಲೇ ಶುರು ಮಾಡಿ. ಬೇಕಾದ ಜಾಗವನ್ನು ಬೆರಳಲ್ಲಿ ಬಳಿದು ಗುರುತು ಮಾಡುವ ಸೌಲಭ್ಯ ಇದ್ದರೆ ಮುಖ ಬಿಟ್ಟು ಬಳಿಯಿರಿ. ‘ಹಲ್ಲು ಕೆಂಪಾಗಿಯೇ ಇರಲಿ, ಒಂದು ಹಲ್ಲು ಇಲ್ಲ, ಅದು ಇಲ್ಲದೇ ಇರಲಿ’ ಅಂತ ಬಿಡಿಸಿ ಬರೆಯಿರಿ. ಹತ್ತಕ್ಕೆ ಆರು ಸಲ ಕೇಳುತ್ತದೆ. ಒಂದು ಸಲ ‘ಕೆಂಪು ಹಲ್ಲು’ ಅಂದದ್ದಕ್ಕೆ ಯಕ್ಷಗಾನದ ರಾಕ್ಷಸನ ಬಾಯಿ ಮಾಡಿಕೊಟ್ಟಿತು. ಅದನ್ನು ನಾನು ಗ್ರೂಪಿಗೆ ಹಾಕಲಿಲ್ಲ.

ಹಾಕಬಾರದ ಇನ್ನೊಂದಿತ್ತು. ಸೀಸನ್ ಶುರುವಾದ ಮೇಲೆ ಸ್ಯಾಂಪಲ್ ಹುಡುಗ ಒಂದು ಐಡಿಯಾ ತಂದ: ಗೋಡೆಯ ದರದ ಬೋರ್ಡಿನ ಫೋಟೋ ತೆಗೆದು, ರಾಶಿ ಅನ್ನುವ ಬಗೆಯ ಅಡಿಕೆಯ ರೇಟು ಕ್ವಿಂಟಾಲಿಗೆ ಹತ್ತು ಸಾವಿರ ಇಳಿದ ಹಾಗೆ ಮಾಡೋಣ, ಸಾಹುಕಾರರ ಮುಖ ನೋಡೋಣ. ಅಂಕಿಗಳನ್ನು ಈ ಆ್ಯಪ್ ಕನ್ನಡ ಅಕ್ಷರದ ಹಾಗೆ ಕೆಡಿಸುವುದಿಲ್ಲ, ಚೆನ್ನಾಗೇ ಬರೆಯುತ್ತದೆ. ಅದಕ್ಕೇ ನನಗೆ ಭಯವಾಯಿತು. ನಮ್ಮ ಗ್ರೂಪಿನಿಂದ ಒಬ್ಬ ಬೆಳೆಗಾರರ ಗ್ರೂಪಿಗೆ ದಾಟಿಸಿದರೆ ಸಾಕು, ತೀರ್ಥಹಳ್ಳಿ ಕಡೆಯಿಂದ ಹೊಸನಗರದವರೆಗೆ ಫೋನು ಬರಲು ಶುರು. ಒಣಗಿಸಿ ಮೂಟೆ ಕಟ್ಟಿ ರೇಟು ಕಾಯುತ್ತಾ ಕೂತವನಿಗೆ ಅದು ತಮಾಷೆಯಾ? ಬೈದು ಕಳಿಸಿದೆ. ಗೂಗಲ್‌ನ ಜೆಮಿನಿಯಂಥವು ತಾವು ಮಾಡಿದ ಚಿತ್ರದೊಳಗೆ ಸಿಂಥ್‌ಐಡಿ ಎಂಬ ಕಣ್ಣಿಗೆ ಕಾಣದ ಗುರುತು ಹಾಕುತ್ತವೆ. ನನ್ನ ಆ್ಯಪ್ ಮೂಲೆಯಲ್ಲಿ ಸಣ್ಣ ಚಿಹ್ನೆ ಹಾಕುತ್ತದೆ, ಅದನ್ನು ಯಾರು ಬೇಕಾದರೂ ಕತ್ತರಿಸಬಹುದು. ಅವತ್ತಿನಿಂದ ನಮ್ಮಲ್ಲಿ ದರ, ತೂಕ, ಚೀಟಿ ಈ ಮೂರನ್ನು ಆ್ಯಪ್‌ಗೆ ತೋರಿಸುವ ಹಾಗಿಲ್ಲ. ಹೆಂಗಸರ ಫೋಟೋವನ್ನೂ ಇಲ್ಲ. ಅಕ್ಕನದು ಕೊಡೆ ಮಾತ್ರ.

ಈ ಗಲಾಟೆಯೆಲ್ಲ ಆಗಿ ಚಂದಾ ನಿಲ್ಲಿಸುವ ಯೋಚನೆಯಲ್ಲಿದ್ದೆ. ಒಂದು ದಿನ ಮಾವ ಗೋದಾಮಿನ ಹಿಂದೆ ಕರೆದರು. ಬೈಯುತ್ತಾರೆ ಅಂದುಕೊಂಡೆ. ಅವರು ಆನೆ ಚಿತ್ರವನ್ನು ಮನೆಯಲ್ಲಿ ತೋರಿಸಿದ್ದರಂತೆ. ಅತ್ತೆ ಬಹಳ ಹೊತ್ತು ನೋಡಿ, ‘ಮದುವೆ ದಿನ ನಿಮ್ಮ ಹಲ್ಲು ಹಿಂಗೇ ಇತ್ತು’ ಅಂದರಂತೆ. ಅವರ ಮದುವೆಯ ಫೋಟೋ ಒಂದೂ ಉಳಿದಿಲ್ಲ. ಮಳೆಗಾಲದ ತೇವಕ್ಕೆ ಗಾಜಿಗೆ ಅಂಟಿ ಹೋಗಿದೆ.

‘ಆನೆ ತೆಗಿ ಮಾರಾಯ, ಹಲ್ಲು ಇರ್ಲಿ’ ಅಂದರು. ಗೋಡೆಗೆ ಹಾಕುವುದಕ್ಕೆ.

ಇಷ್ಟು ಸುಲಭದ ಕೆಲಸ ಈ ಆ್ಯಪ್‌ನಿಂದ ಆಗಲಿಲ್ಲ. ಆನೆ ತೆಗೆ ಅಂದರೆ ಮಾವನನ್ನು ಗಾಳಿಯಲ್ಲಿ ಕೂರಿಸಿತು. ನಿಲ್ಲಿಸು ಅಂದರೆ ಕುತ್ತಿಗೆ ಉದ್ದವಾಯಿತು. ಮೂಲ ಫೋಟೋಗೆ ಹೋಗಿ, ಬರೀ ಹಲ್ಲು ಬಿಳಿ ಮಾಡು ಅಂದೆ. ಒಂಬತ್ತು ತಿಂಗಳಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳಿದ್ದು. ಆಗ ಬಾಯಿ ಮುಚ್ಚಿಸಿಬಿಟ್ಟಿತು! ತುಟಿ ಬಿಗಿದ, ಪಾಸ್‌ಪೋರ್ಟ್ ಫೋಟೋದಂಥ ಮಾವ. ಹದಿನಾಲ್ಕು ಸಲ ಪ್ರಯತ್ನ ಮಾಡಿ ತಿಂಗಳ ಕ್ರೆಡಿಟ್ಟೆಲ್ಲ ಸುಟ್ಟೆ. ಕೊನೆಗೆ ಶಿವಮೊಗ್ಗದ ದುರ್ಗಿಗುಡಿಯ ಒಂದು ಸ್ಟುಡಿಯೋಗೆ ಹೋದೆ. ಅಲ್ಲಿಯವರು ಮೌಸ್ ಹಿಡಿದು ಕೆಂಪನ್ನು ಒರೆಸಿ, ಬಿದ್ದ ಹಲ್ಲಿಗೆ ಪಕ್ಕದ್ದನ್ನೇ ನಕಲು ಮಾಡಿ ಕೂರಿಸಿ, ಪ್ರಿಂಟ್ ತೆಗೆದು ಕೊಟ್ಟರು. ಹದಿನೈದು ನಿಮಿಷ, ನೂರು ರೂಪಾಯಿ. ಮುಖ ಮಾವನದ್ದೇ.

ಮಾವ ಆ ಪ್ರಿಂಟನ್ನು ಬೆಳಕಿಗೆ ಹಿಡಿದು ನೋಡಿದರು. ಕಣ್ಣು ಕಿರಿದು ಮಾಡಿ ಮತ್ತೊಮ್ಮೆ ನೋಡಿದರು. ‘ಚೆನ್ನಾಗಿದೆ’ ಅಂದು ಜೇಬಿಗೆ ಹಾಕಿಕೊಂಡರು. ಸಂಜೆ ಬೀಗ ಹಾಕುವಾಗ, ‘ಆನೆ ಇರೋದನ್ನೇ ದೊಡ್ಡದು ಮಾಡಿಸಿಬಿಡು, ಮೊಮ್ಮಗಳಿಗೆ ಅದೇ ಬೇಕಂತೆ’ ಅಂದರು.

ಈಗ ಅವರ ಜಗುಲಿಯಲ್ಲಿ ಆನೆಯೂ ಇದೆ, ಹಲ್ಲೂ ಇದೆ. ಮಾವ ಮಂಡಿಯಲ್ಲಿ ಟವೆಲು ಅಡ್ಡ ಹಿಡಿಯುವುದು ಬಿಟ್ಟಿದ್ದಾರೆ, ಕವಳ ಬಿಟ್ಟಿಲ್ಲ.

ನನ್ನ ಲೆಕ್ಕದಲ್ಲಿ ಐದಕ್ಕೆ ಎರಡೂವರೆ ನಕ್ಷತ್ರ. ನಗಿಸಲು ಬೇಕಿದ್ದರೆ ಒಂದು ಮಳೆಗಾಲಕ್ಕೆ ಕೊಳ್ಳಿ, ವರ್ಷದ ಚಂದಾ ಕಟ್ಟಬೇಡಿ. ಯಾರದ್ದಾದರೂ ಮುಖ ಹಾಗೇ ಉಳಿಯಬೇಕಿದ್ದರೆ ದುರ್ಗಿಗುಡಿಗೆ ಹೋಗಿ. ನನ್ನ ಚಂದಾ 14ನೇ ತಾರೀಕಿಗೆ ಮುಗಿಯುತ್ತದೆ. ಸಾಹುಕಾರರ ಚಪ್ಪಲಿಯದ್ದೊಂದು ಬಾಕಿ ಇದೆ, ಅಕ್ಕ ದಿನಾ ಜ್ಞಾಪಿಸುತ್ತಿದ್ದಾರೆ.