‘ನ್ಯಾಷನಲ್ ಬರ್ಡ್’ ನೋಡೋದಾ, ‘ಡರ್ಟಿ ವಾರ್ಸ್’ ನೋಡೋದಾ?

ಎರಡೂ ಅಮೆರಿಕದ ಯುದ್ಧಗಳ ಬಗೆಗಿನ ಸಾಕ್ಷ್ಯಚಿತ್ರಗಳು. ಒಂದನ್ನೇ ನೋಡಲು ಸಮಯವಿದ್ದರೆ ‘ನ್ಯಾಷನಲ್ ಬರ್ಡ್’ (2016) ನೋಡಿ. ಅಮೆರಿಕದ ಡ್ರೋನ್ ಯುದ್ಧದಲ್ಲಿ ಕೆಲಸ ಮಾಡಿದ ಮೂವರು ಇಲ್ಲಿ ಬಾಯಿ ಬಿಡುತ್ತಾರೆ. 2010ರಲ್ಲಿ ಅಫ್ಘಾನಿಸ್ತಾನದ ಉರುಜ್ಗಾನ್‌ನಲ್ಲಿ ಪ್ರಯಾಣಿಕರ ವಾಹನಗಳ ಮೇಲೆ ದಾಳಿ ನಡೆಯಿತಲ್ವಾ, ಆಗ ಡ್ರೋನ್ ಸಿಬ್ಬಂದಿ ಆಡಿದ ಮಾತುಗಳನ್ನು ದಾಖಲೆಯಿಂದಲೇ ಎತ್ತಿ ನಟರಿಂದ ಹೇಳಿಸಿದ್ದಾರೆ. ಮಕ್ಕಳಿರಬಹುದು ಎಂಬ ಮಾತು ಬರುತ್ತದೆ. ಆದರೂ ದಾಳಿ ನಿಲ್ಲುವುದಿಲ್ಲ. ಬದುಕುಳಿದವರೂ ಕ್ಯಾಮೆರಾ ಮುಂದೆ ಕೂತು ಮಾತಾಡುತ್ತಾರೆ. ಕೇಳುವಾಗ ಹೊಟ್ಟೆ ಕಿವುಚುತ್ತದೆ.

‘ಡರ್ಟಿ ವಾರ್ಸ್’ (2013) ಪತ್ತೇದಾರಿ ಧಾಟಿಯದು. ಪತ್ರಕರ್ತ ಜೆರೆಮಿ ಸ್ಕೇಹಿಲ್ ಅವರೇ ತೆರೆಯ ಮೇಲೆ ಜಾಸ್ತಿ, ಅದು ನನಗೆ ಹಿಡಿಸಲಿಲ್ಲ. ಆದರೆ ಗರ್ಭಿಣಿಯರೂ ಸತ್ತ, ಅಫ್ಘಾನಿಸ್ತಾನದ ಗಾರ್ದೇಜ್‌ನ ರಾತ್ರಿ ದಾಳಿಯಿಂದ ಹೊರಟು, ಅದರ ಹಿಂದಿದ್ದ ಜೆಸಾಕ್ (JSOC) ಎಂಬ ಅಮೆರಿಕ ಸೇನೆಯ ಗುಪ್ತ ಪಡೆಯವರೆಗೆ ಜಾಡು ಹಿಡಿಯುತ್ತದೆ. ಯೆಮೆನ್, ಸೊಮಾಲಿಯಾಗೂ ಹೋಗುತ್ತದೆ. ಆದೇಶ ಕೊಟ್ಟವರು ಯಾರು ಅನ್ನೋದೇ ನಿಮ್ಮ ಪ್ರಶ್ನೆಯಾದರೆ ಇದನ್ನೇ ಮೊದಲು ನೋಡಿ.