ದುಬಾರಿ ಕೇಬಲ್, ಎಸ್‌ಪಿ ರಸ್ತೆಯ ತಾಮ್ರದ ವೈರು, ವೀಣೆ ಪಾಠ: ನಾನು ಮಾಡಿ ನೋಡಿದ ಹೋಲಿಕೆ

ಕಳೆದ ವರ್ಷ ನಾನು 24,000 ರೂಪಾಯಿ ಕೊಟ್ಟು ಒಂದು ಜೊತೆ ಸ್ಪೀಕರ್ ಕೇಬಲ್ಲನ್ನೂ ಟಿವಿಯಂತಹ ಉಪಕರಣದಿಂದ ಆಂಪ್ಲಿಫೈಯರಿಗೆ ಧ್ವನಿ ತರುವ ಒಂದು ಆರ್‌ಸಿಎ ಕೇಬಲ್ಲನ್ನೂ ಕೊಂಡೆ. ಇಂದು ನನ್ನ ಸ್ಪೀಕರುಗಳಿಗೆ ಜೋಡಿಸಿರುವುದು ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಮೀಟರಿನ ಲೆಕ್ಕದಲ್ಲಿ ತಂದ, 2.5 ಚದರ ಮಿಲಿಮೀಟರ್ ದಪ್ಪದ ಸಾಮಾನ್ಯ ತಾಮ್ರದ ವೈರು. ಇದಕ್ಕೆ ಸಾವಿರ ರೂಪಾಯಿಯೂ ಆಗಲಿಲ್ಲ. ಈ ಎರಡರ ನಡುವಿನ ತಿಂಗಳುಗಳಲ್ಲಿ ವಾರಕ್ಕೆ ಎರಡು ದಿನ ವೀಣೆ ಪಾಠಕ್ಕೆ ಹೋಗತೊಡಗಿದೆ. ನನಗೆ ಕೇಳಿಸುವ ನಾದವನ್ನು ಬದಲಿಸಿದ್ದು ಆ ಪಾಠವೇ ಹೊರತು ಕೇಬಲ್ಲಲ್ಲ.

ಕೇಬಲ್ ಕೊಳ್ಳಲು ಕಾರಣವಾದದ್ದು ಒಂದು ಗುಂಯ್‌ಗುಡುವ ಸದ್ದು. ಆಂಪ್ಲಿಫೈಯರ್ ಹಾಕಿದ ಕೂಡಲೇ ಸ್ಪೀಕರಿನಿಂದ ಅದು ಕೇಳಿಸುತ್ತಿತ್ತು, ಟಿವಿಯ ಇನ್‌ಪುಟ್‌ನಲ್ಲಿ ಜೋರಾಗಿ, ಉಳಿದವುಗಳಲ್ಲಿ ಮೆಲ್ಲಗೆ. ಹಗಲಿನ ಗದ್ದಲದಲ್ಲಿ ಅದು ಅಷ್ಟಾಗಿ ತಿಳಿಯುತ್ತಿರಲಿಲ್ಲ. ಆದರೆ ನಾನು ಸಂಗೀತ ಕೇಳುವುದು ರಾತ್ರಿ ಊಟವಾದ ಮೇಲೆ, ಮನೆಯವರೆಲ್ಲ ಮಲಗಿದ ನಂತರ, ಸಣ್ಣ ಸದ್ದಿನಲ್ಲಿ. ವೀಣೆಯಲ್ಲಿ ಒಂದು ಮೀಟಿನ ನಾದ ಕ್ರಮೇಣ ಕರಗುತ್ತ ಹೋಗುವಾಗ ಅದರ ಕೊನೆಯ ಭಾಗವನ್ನೆಲ್ಲ ಆ ಗುಂಯ್ ಸದ್ದು ನುಂಗಿಬಿಡುತ್ತಿತ್ತು. ಮೈಸೂರು ದೊರೆಸ್ವಾಮಿ ಅಯ್ಯಂಗಾರರ ವಾದನದಲ್ಲಿ ಒಂದೇ ಮೀಟಿನಲ್ಲಿ ಎರಡು ಮೂರು ಸ್ವರಗಳು ಎಳೆಯಾಗಿ ಬರುವ ಕಡೆ ಮೂರನೆಯ ಸ್ವರವೇ ಕೇಳಿಸದಿದ್ದರೆ ಆಗುವ ಸಂಕಟ ವೀಣೆಯನ್ನು ಪ್ರೀತಿಸುವವರಿಗೆ ತಿಳಿದೀತು.

ಅಂಗಡಿಯವರು ದೋಷ ಕೇಬಲ್ಲಿನದೇ ಎಂದು ಖಚಿತವಾಗಿ ಹೇಳಿದರು. ಹೊಸ ಆರ್‌ಸಿಎ ಕೇಬಲ್ ಹಾಕಿದಾಗ ಸದ್ದು ಸ್ವಲ್ಪ ತಗ್ಗಿದ್ದು ನಿಜ, ಆದರೆ ಹೋಗಲಿಲ್ಲ. ಎರಡು ವಾರ ಒಂದೊಂದೇ ಉಪಕರಣವನ್ನು ಕಳಚಿ ನೋಡುತ್ತ ಹೋದೆ. ಕೊನೆಗೆ ಸೆಟ್-ಟಾಪ್ ಬಾಕ್ಸಿಗೆ ಬರುವ ಕೇಬಲ್ ಟಿವಿಯವರ ವೈರನ್ನು ಬಿಚ್ಚಿದ ಕ್ಷಣವೇ ಕೋಣೆ ನಿಶ್ಶಬ್ದವಾಯಿತು. ಆ ವೈರಿನ ಹೊರಜಾಲರಿ ಹೊರಗೆಲ್ಲೋ ಭೂಮಿಗೆ ಸೇರಿದೆ, ನನ್ನ ಆಂಪ್ಲಿಫೈಯರ್ ಮೂರು ಪಿನ್ನಿನ ಪ್ಲಗ್ಗಿನ ಮೂಲಕ ಮನೆಯ ಅರ್ಥಿಂಗಿಗೆ ಸೇರಿದೆ. ಈ ಎರಡು ಅರ್ಥಿಂಗುಗಳ ನಡುವಿನ ಅಲ್ಪ ವೋಲ್ಟೇಜಿನಿಂದಾಗಿ ಟಿವಿಯಿಂದ ಆಂಪ್ಲಿಫೈಯರಿಗೆ ಬರುವ ಆರ್‌ಸಿಎ ಕೇಬಲ್ಲಿನ ಜಾಲರಿಯಲ್ಲಿ 50 ಹರ್ಟ್ಸ್‌ನ ವಿದ್ಯುತ್ತು ಹರಿಯುತ್ತಿತ್ತು. ಜಾಲರಿ ದಪ್ಪವಾಗಿದ್ದರೆ ಅದರ ರೋಧ, ಅಂದರೆ ವಿದ್ಯುತ್ತಿನ ಹರಿವಿಗೆ ಅದು ಒಡ್ಡುವ ತಡೆ, ಕಡಿಮೆ, ಆದ್ದರಿಂದ ಸದ್ದೂ ಕಡಿಮೆ. ದುಬಾರಿ ಕೇಬಲ್ ಮಾಡಿದ ಉಪಕಾರ ಇಷ್ಟೇ. 350 ರೂಪಾಯಿಯ, ಜಾಲರಿ ಒತ್ತಾಗಿ ಹೆಣೆದಿದ್ದ ಇನ್ನೊಂದು ಕೇಬಲ್ ಕೂಡ ಸದ್ದನ್ನು ಅಷ್ಟೇ ತಗ್ಗಿಸಿತು. ಸದ್ದು ಪೂರ್ತಿ ನಿಂತದ್ದು ಕೇಬಲ್ ಟಿವಿಯ ವೈರಿಗೆ ಒಂದು ಸಣ್ಣ ಐಸೊಲೇಟರ್ (ಟಿವಿಯ ಸಂಕೇತವನ್ನು ಬಿಟ್ಟು, ಅರ್ಥಿಂಗಿನ ಸಂಪರ್ಕವನ್ನು ಕಡಿಯುವ ಸಾಧನ) ಜೋಡಿಸಿದ ಮೇಲೆ. ಇಂತಹ ತೊಂದರೆಗೆ ಕೆಲವರು ಪ್ಲಗ್ಗಿನ ಅರ್ಥ್ ಪಿನ್ನನ್ನೇ ಕಿತ್ತುಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಪಿನ್ ಇರುವುದು ನಮ್ಮ ಪ್ರಾಣದ ರಕ್ಷಣೆಗೆ.

ಸ್ಪೀಕರ್ ಕೇಬಲ್ಲಿನ ಮಾತು ಬೇರೆ, ಅಲ್ಲಿ ಲೆಕ್ಕವೇ ಹೆಚ್ಚು ಸ್ಪಷ್ಟವಾಗಿದೆ. ನನ್ನ ಸ್ಪೀಕರುಗಳು 8 ಓಮ್‌ನವು (ಓಮ್ ರೋಧದ ಅಳತೆ), ಒಂದೊಂದಕ್ಕೂ ಆಂಪ್ಲಿಫೈಯರಿನಿಂದ 5 ಮೀಟರ್ ದೂರ. ಹೋಗಿಬರುವ ಎರಡೂ ಎಳೆ ಸೇರಿ 10 ಮೀಟರಾದರೂ 2.5 ಚದರ ಮಿಲಿಮೀಟರ್ ತಾಮ್ರದ ರೋಧ ಸುಮಾರು 0.07 ಓಮ್ ಮಾತ್ರ, ಅದರಿಂದಾಗುವ ನಷ್ಟ, ಸದ್ದಿನ ಮಟ್ಟದ ಅಳತೆಯಾದ ಒಂದು ಡೆಸಿಬೆಲ್ಲಿನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ. ಬೆಳ್ಳಿ ತಾಮ್ರಕ್ಕಿಂತ ಉತ್ತಮ ವಾಹಕವೆಂಬುದು ಸರಿ, ಆದರೆ ಅದು ಉತ್ತಮವಾಗಿರುವುದು ಶೇಕಡಾ 6ರಷ್ಟು ಮಾತ್ರ. ತಾಮ್ರದ ವೈರನ್ನು ಅಷ್ಟು ದಪ್ಪ ಮಾಡಿದರೆ ಆ ಅಂತರವೂ ಉಳಿಯದು. ವೈರು ತೀರ ತೆಳುವಾಗಿದ್ದರೆ ಮಾತ್ರ ನಿಜವಾಗಿ ವ್ಯತ್ಯಾಸವಾಗುತ್ತದೆ. ನನ್ನ ಬಳಿ ಮೊದಲಿದ್ದ 0.5 ಚದರ ಮಿಲಿಮೀಟರಿನ ವೈರಿನ ರೋಧ ಇದರ ಐದು ಪಟ್ಟು. ಸ್ಪೀಕರಿನ ರೋಧ ಸ್ವರದಿಂದ ಸ್ವರಕ್ಕೆ ಬದಲಾಗುವುದರಿಂದ, ಅಂತಹ ವೈರಿನಲ್ಲಿ ಕೆಲವು ಸ್ವರಗಳು ಕೂದಲೆಳೆಯಷ್ಟು ಹಿಂದೆ ಸರಿಯುತ್ತವೆ.

ಆದರೂ ಲೆಕ್ಕವನ್ನೇ ನಂಬಿ ಕೂರಲು ಮನಸ್ಸಾಗಲಿಲ್ಲ, ಏಕೆಂದರೆ ಹೊಸ ಕೇಬಲ್ ಹಾಕಿದ ಮೊದಲ ರಾತ್ರಿ ನಾದ ತಿಳಿಯಾಗಿದೆ ಎಂದು ನನಗೇ ಅನ್ನಿಸಿತ್ತು. ಸೂಕ್ಷ್ಮ ವ್ಯತ್ಯಾಸಗಳ ನೆನಪು ಕಿವಿಗೆ ಕೆಲವೇ ಸೆಕೆಂಡು ನಿಲ್ಲುತ್ತದೆ, ಕೇಬಲ್ ಬದಲಿಸಲು ಎರಡು ನಿಮಿಷ ಬೇಕು. ಹಾಗಾಗಿ ದುಬಾರಿ ಕೇಬಲ್ಲನ್ನೂ ತಾಮ್ರದ ವೈರನ್ನೂ ಒಂದು ಸ್ವಿಚ್ಚಿಗೆ ಜೋಡಿಸಿ, ಬೆನ್ನು ಹಾಕಿ ಕುಳಿತೆ. ನನ್ನ ಹೆಂಡತಿ ನಾಣ್ಯ ಚಿಮ್ಮಿ, ಬಿದ್ದ ಮುಖದಂತೆ ಸ್ವಿಚ್ ಬದಲಿಸಿದಳು. ನುಡಿಯುತ್ತಿರುವುದು ಯಾವ ವೈರು ಎಂಬುದನ್ನು 16 ಸಲ ಕೇಳಿ 9 ಸಲ ಸರಿಯಾಗಿ ಹೇಳಿದೆ. ಸುಮ್ಮನೆ ಊಹಿಸುವವನು ಸರಾಸರಿ 8 ಸಲ ಸರಿ ಹೇಳುತ್ತಾನೆ. ಕೇವಲ ಊಹೆಯಿಂದ 12 ಅಥವಾ ಹೆಚ್ಚು ಬರುವ ಸಂಭವ ನೂರಕ್ಕೆ ನಾಲ್ಕಕ್ಕಿಂತ ಕಡಿಮೆಯಾದ್ದರಿಂದ, ಅಷ್ಟು ಬಂದಿದ್ದರೆ ಒಪ್ಪಿಕೊಳ್ಳುತ್ತಿದ್ದೆ.

ನನ್ನ ಕಿವಿ ಪಳಗಿಲ್ಲದ ಕಾರಣ ಹೀಗಾಗಿರಬಹುದೆಂದು ನಮ್ಮ ವೀಣೆ ಮೇಷ್ಟರನ್ನು ಒಂದು ಭಾನುವಾರ ಮನೆಗೆ ಕರೆದೆ. ಅವರೂ 16ರಲ್ಲಿ 8 ಹೇಳಿದರು. ಆದರೆ ಅದೇ ಧ್ವನಿಮುದ್ರಣವನ್ನು ಕೇಳುತ್ತ, “ತಂಬೂರಿಯ ಪಂಚಮ ಕೂದಲಷ್ಟು ಇಳಿದಿದೆ ನೋಡಿ” ಎಂದರು. ಆಮೇಲೆ, “ನಿಮ್ಮ ಸ್ಪೀಕರ್ ಗೋಡೆಗೆ ತೀರ ಹತ್ತಿರ ಇದೆಯಲ್ಲ, ಮೃದಂಗದ ಎಡಭಾಗ ಎಲ್ಲ ಒಂದೇ ಮುದ್ದೆ ಆಗ್ತಿದೆ” ಎಂದರು. ಸ್ಪೀಕರುಗಳನ್ನು ಎರಡು ಅಡಿ ಮುಂದಕ್ಕೆ ಎಳೆದೆವು, ಬರಿಯ ನೆಲದ ಮೇಲೆ ಜಮಖಾನ ಹಾಸಿದೆವು. ಆ ಬದಲಾವಣೆಯನ್ನು ಗುರುತಿಸಲು ಯಾವ ಪರೀಕ್ಷೆಯೂ ಬೇಕಾಗಲಿಲ್ಲ. ಒಳಗಿನ ಕೋಣೆಯಲ್ಲಿದ್ದ ನನ್ನ ಹೆಂಡತಿಯೇ ಬಂದು ಏನು ಮಾಡಿದಿರಿ ಎಂದು ಕೇಳಿದಳು.

ಪಳಗಿದ ಕಿವಿಗೆ ಇಲ್ಲದ್ದು ಕೇಳಿಸುವುದಿಲ್ಲ, ಇರುವುದು ಹೆಚ್ಚು ಕೇಳಿಸುತ್ತದೆ ಎಂಬುದು ನನಗೆ ಅಂದು ಮನದಟ್ಟಾಯಿತು. ತಂಬೂರಿಯಲ್ಲಿ ಗಾಂಧಾರಕ್ಕೆಂದು ತಂತಿ ಇಲ್ಲ. ಆದರೂ ಜೀವಾಳ (ತಂತಿಯ ಕೆಳಗೆ ಕುದುರೆಯ ಮೇಲೆ ಇಡುವ ನೂಲೆಳೆ) ಸರಿಯಾಗಿ ಕೂತು ಶ್ರುತಿ ಸೇರಿದಾಗ ಮಂದ್ರ ಷಡ್ಜದ ತಂತಿಯಿಂದ ಅಂತರ ಗಾಂಧಾರ ತಾನಾಗಿ ಹೊಮ್ಮುತ್ತದೆ, ಏಕೆಂದರೆ ಮೂಲ ಕಂಪನದ ಐದು ಪಟ್ಟು ವೇಗದ ಕಂಪನವೂ ಆ ತಂತಿಯಲ್ಲೇ ಇದೆ. ಮೊದಲ ಎರಡು ತಿಂಗಳು ಅದು ನನಗೆ ಕೇಳಿಸಲೇ ಇಲ್ಲ. ದಿನವೂ ಹತ್ತು ನಿಮಿಷ ಬೇರೇನೂ ಮಾಡದೆ ತಂಬೂರಿಯ ಮುಂದೆ ಕುಳಿತ ಮೇಲೆ ಒಂದು ಸಂಜೆ ಅದು ಥಟ್ಟನೆ ಕೇಳಿಸಿತು. ಈಗ ಹತ್ತು ವರ್ಷಗಳಿಂದ ಕೇಳುತ್ತಿದ್ದ ಧ್ವನಿಮುದ್ರಣಗಳಲ್ಲೂ ಅದು ಕೇಳಿಸುತ್ತಿದೆ.

ಟಿವಿಗೆ ಚಿತ್ರವನ್ನೂ ಧ್ವನಿಯನ್ನೂ ಒಯ್ಯುವ ಎಚ್‌ಡಿಎಂಐ ಕೇಬಲ್ಲಿಗೂ ಹೆಚ್ಚು ಹಣ ಹಾಕುವ ಅಗತ್ಯ ನನಗೆ ಕಾಣಲಿಲ್ಲ. ಗ್ರಾಮಫೋನ್ ತಟ್ಟೆ ನುಡಿಸುವವರು ಮಾತ್ರ ಕೇಬಲ್ಲಿನ ಉದ್ದವನ್ನು ಗಮನಿಸಬೇಕು, ಅದರ ಕೆಪಾಸಿಟೆನ್ಸ್ (ವಿದ್ಯುದಾವೇಶವನ್ನು ಹಿಡಿದಿಡುವ ಗುಣ) ಹೆಚ್ಚಾದರೆ ಮುಳ್ಳಿನ ಕಂಪನವನ್ನು ವಿದ್ಯುತ್ತಾಗಿಸುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ಜಿನ ಮೇಲುಸ್ವರಗಳು ಬದಲಾಗುತ್ತವೆ.

ದುಬಾರಿ ಕೇಬಲ್ ನೋಡಲು ಸುಂದರವಾಗಿದೆ, ಅದರ ಪ್ಲಗ್ಗುಗಳು ಬಿಗಿಯಾಗಿ ಕೂರುತ್ತವೆ. ದಿನವೂ ಕಳಚಿ ಜೋಡಿಸುವವರಿಗೆ ಅದು ಉಪಯೋಗವಾದೀತು. ನಾನು ಒಮ್ಮೆ ಜೋಡಿಸಿದರೆ ವರ್ಷಗಟ್ಟಲೆ ಮುಟ್ಟುವವನಲ್ಲ, ಸಂಗೀತಕ್ಕೆಂದು ವರ್ಷಕ್ಕೆ ನಾನು ಎತ್ತಿಡಬಹುದಾದ ಹಣವೂ ಅಷ್ಟರಲ್ಲೇ ಇದೆ. ಆ 24,000 ರೂಪಾಯಿ ಒಂದು ವರ್ಷದ ಪಾಠದ ಶುಲ್ಕಕ್ಕೆ ಸಾಲುತ್ತಿತ್ತು. ಆದ್ದರಿಂದ ನನ್ನ ಆಯ್ಕೆ 2.5 ಚದರ ಮಿಲಿಮೀಟರಿನ ತಾಮ್ರದ ವೈರು. ನಿಮ್ಮ ಸ್ಪೀಕರ್ 4 ಓಮ್‌ನದಾಗಿದ್ದು ದೂರ 10 ಮೀಟರಿಗಿಂತ ಹೆಚ್ಚಿದ್ದರೆ 4 ಚದರ ಮಿಲಿಮೀಟರಿನದನ್ನು ತನ್ನಿ.