ಮಗುವಿನ ಎದೆಸದ್ದು ಕಲಿಸಲು ಯಾವ ಸಾಧನ? ನಾಲ್ಕರ ಹೋಲಿಕೆ

ಶಿಶುವಿನ ಹೃದಯ ನಿಮಿಷಕ್ಕೆ 150 ಸಲ ಬಡಿಯುವಾಗ ಒಂದು ಬಡಿತಕ್ಕೆ ಸಿಗುವುದು 400 ಮಿಲಿಸೆಕೆಂಡ್ ಮಾತ್ರ. ಉದ್ದ ಅಂತರ ಡಯಾಸ್ಟೋಲ್ (ಹೃದಯ ಸಡಿಲವಾಗುವ ಹೊತ್ತು), ಗಿಡ್ಡ ಅಂತರ ಸಿಸ್ಟೋಲ್ (ಹೃದಯ ಸಂಕುಚಿಸುವ ಹೊತ್ತು) ಎಂಬ ದೊಡ್ಡವರ ಲೆಕ್ಕ ಇಲ್ಲಿ ಕೈಕೊಡುತ್ತದೆ. ಎರಡೂ ಹೆಚ್ಚುಕಡಿಮೆ ಸಮ. ಅದಕ್ಕೇ ವೈದ್ಯಕೀಯ ವಿದ್ಯಾರ್ಥಿಗಳಿಗೆ ಎದೆಸದ್ದು ಕೇಳಿ ಗುರುತಿಸುವುದನ್ನು ಕಲಿಸುವ ನಾಲ್ಕು ಬಗೆಯ ಸಾಧನಗಳನ್ನೂ ಇದೇ ವೇಗದ ವಿಎಸ್‌ಡಿ (ಹೃದಯದ ಕೆಳಕೋಣೆಗಳ ನಡುಗೋಡೆಯ ರಂಧ್ರ) ಮರ್ಮರ್, ಅಂದರೆ ರಕ್ತ ಹರಿಯುವ ಹೆಚ್ಚುವರಿ ಸದ್ದು, ಮತ್ತು ವ್ಹೀಜ್, ಅಂದರೆ ಉಸಿರಿನ ಸಿಳ್ಳೆಸದ್ದು, ಹಾಕಿಯೇ ಹೋಲಿಸಿದ್ದೇವೆ.

ಎಲ್ಲಕ್ಕಿಂತ ಅಗ್ಗದ್ದು ರೆಕಾರ್ಡಿಂಗ್ ಮತ್ತು ಇಯರ್‌ಫೋನ್. ಕಿವಿ ಪಳಗಿಸಲು ಇದನ್ನು ಮೀರಿಸಿದ್ದು ಸಿಗಲಿಲ್ಲ, ಆದರೆ ಷರತ್ತುಗಳಿವೆ. ಹೃದಯದ ಸದ್ದಿನ ಬಹುಪಾಲು 20ರಿಂದ 150 ಹರ್ಟ್ಸ್ ಒಳಗಿರುತ್ತದೆ; ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರ್ ಅಷ್ಟು ಕೆಳಗೆ ಇಳಿಯುವುದೇ ಇಲ್ಲ. 'ಲಬ್-ಡಬ್' ಹೋಗಿ 'ಟಿಕ್-ಟಿಕ್' ಉಳಿಯುತ್ತದೆ. ವ್ಹೀಜ್ ಮಾತ್ರ ಫೋನಿನ ಸ್ಪೀಕರಿನಲ್ಲೂ ಚೆನ್ನಾಗಿ ಕೇಳುತ್ತದೆ, ಅದರ ಸ್ವರ ಮೇಲಿನದು. ಬ್ಲೂಟೂತ್ ಇಯರ್‌ಫೋನ್ ಬೇಡವೇ ಬೇಡ: ಅದರಲ್ಲಿ ಸದ್ದು ಸುಮಾರು 200 ಮಿಲಿಸೆಕೆಂಡ್ ತಡವಾಗಬಹುದು, ಅಂದರೆ ಈ ವೇಗದಲ್ಲಿ ಅರ್ಧ ಬಡಿತ. ಪರದೆಯ ಫೋನೋಕಾರ್ಡಿಯೋಗ್ರಾಮ್ (ಹೃದಯದ ಸದ್ದಿನ ರೇಖಾಚಿತ್ರ) ನೋಡುತ್ತ ಕೇಳುವ ವಿದ್ಯಾರ್ಥಿಗೆ ಸಿಸ್ಟೋಲಿಕ್ ಮರ್ಮರ್ ಡಯಾಸ್ಟೋಲಿನಲ್ಲಿ ಬಂದಂತಾಗುತ್ತದೆ. ತಂತಿಯದ್ದೇ ಸರಿ. ದೊಡ್ಡವರ ಧ್ವನಿಮುದ್ರಿಕೆಯನ್ನೇ ವೇಗ ಹೆಚ್ಚಿಸಿ 'ಶಿಶು' ಎಂದು ಕೊಡುವ ಸಂಗ್ರಹಗಳನ್ನೂ ಬಿಡಿ. ವೇಗದ ಜೊತೆ ಸ್ವರವೂ ಏರಿರುತ್ತದೆ.

ಎರಡನೆಯದಾದ ಶಿಶು ಮ್ಯಾನಿಕಿನ್ (ಕಲಿಕೆಯ ಗೊಂಬೆ) ನೋಡಲು ಗಂಭೀರ, ಕೇಳಲು ಅಷ್ಟಕ್ಕಷ್ಟೆ. ಯಾವ ಸ್ಟೆತಸ್ಕೋಪ್ ಬೇಕಾದರೂ ಇಡಬಹುದು, ತೋಳಿನ ಬ್ರೇಕಿಯಲ್ ನಾಡಿಯೂ ಸದ್ದಿನೊಂದಿಗೆ ಕೂಡಿಬರುತ್ತದೆ. ಇದು ದೊಡ್ಡ ಲಾಭವೇ. ತೊಂದರೆ ಒಳಗಿನ ಯಂತ್ರದ್ದು. ಎದೆ ಏರಿಸುವ ಗಾಳಿಯ ಸದ್ದನ್ನು ವಿದ್ಯಾರ್ಥಿಗಳು ಒರಟು ಉಸಿರೆಂದು ಬರೆಯುತ್ತಾರೆ. ವಾಲ್ಯೂಮ್ ಹೆಚ್ಚಾದರೆ ಸ್ಪೀಕರಿನ ಕಂಪನವನ್ನು ಥ್ರಿಲ್ (ಕೈಗೆ ತಾಗುವಷ್ಟು ಜೋರಾದ ಮರ್ಮರಿನ ಕಂಪನ) ಎನ್ನುತ್ತಾರೆ. ಹೃದಯ ಕೇಳಿಸುವಾಗ ಎದೆಯ ಚಲನೆ ನಿಲ್ಲಿಸಿ, ಹೊರಗಿನ ಕಂಪ್ರೆಸರ್ ಇದ್ದರೆ ಉದ್ದ ನಳಿಕೆ ಹಾಕಿ ಪಕ್ಕದ ಕೋಣೆಗೆ ಸಾಗಿಸಿ. ಸ್ಟೆತಸ್ಕೋಪನ್ನು ಚರ್ಮದಿಂದ 1 ಸೆಂ.ಮೀ. ಮೇಲೆತ್ತಿದಾಗ ಏನೂ ಕೇಳಬಾರದು. ಅಷ್ಟಕ್ಕೇ ವಾಲ್ಯೂಮ್ ಇಳಿಸಿ.

ಮೂರನೆಯದು, ಚರ್ಮದಡಿ ಸಂವೇದಕ ಬಿಂದುಗಳಿರುವ ಗೊಂಬೆ ಮುಂಡಗಳು. ಇವು 'ಎಲ್ಲಿ ಇಡಬೇಕು' ಎಂಬುದನ್ನು ಚೆನ್ನಾಗಿ ಕಲಿಸುತ್ತವೆ. ಪಿಡಿಎ (ಹುಟ್ಟಿದ ಮೇಲೆ ಮುಚ್ಚದೆ ಉಳಿದ ರಕ್ತನಾಳ) ಎಡ ಕಾಲರ್‌ಬೋನಿನ ಕೆಳಗೆ, ವಿಎಸ್‌ಡಿ ಎದೆಮೂಳೆಯ ಎಡ ಕೆಳ ಅಂಚಿನಲ್ಲಿ. ಆದರೆ ಬಿಂದು ಬಿಟ್ಟೊಡನೆ ಸದ್ದು ಸ್ವಿಚ್ ಒತ್ತಿದಂತೆ ಆರಿಹೋಗುತ್ತದೆ. ಮರ್ಮರ್ ಹಬ್ಬುವ ರೀತಿ ತಿಳಿಯುವುದಿಲ್ಲ. ಜೊತೆಗೆ ಬರುವ ವಿಶೇಷ ಸ್ಟೆತಸ್ಕೋಪಿನ ತಲೆ ದೊಡ್ಡವರ ಅಳತೆಯದಾಗಿದ್ದರೆ, ಸುಮಾರು 4.5 ಸೆಂ.ಮೀ. ಅಗಲ, ಶಿಶುವಿನ ಎದೆಯಲ್ಲಿ ಒಂದೇ ಸಲಕ್ಕೆ ಎರಡು ಜಾಗ ಮುಚ್ಚಿಬಿಡುತ್ತದೆ. ಕೊಳ್ಳುವ ಮೊದಲು ಬೆನ್ನನ್ನೂ ತಿರುಗಿಸಿ ನೋಡಿ: ಭುಜದೆಲುಬುಗಳ ನಡುವೆ ಬಿಂದು ಇಲ್ಲದಿದ್ದರೆ ಕೊಆರ್ಕ್ಟೇಶನ್ (ಮಹಾಪಧಮನಿ ಕಿರಿದಾಗಿರುವುದು) ಪಾಠ ಅಲ್ಲಿಗೇ ಮುಗಿಯಿತು.

ನಾಲ್ಕನೆಯದು ಹೈಬ್ರಿಡ್ ಸ್ಟೆತಸ್ಕೋಪ್: ಆರೋಗ್ಯವಂತರ ಎದೆಯ ಮೇಲಿಟ್ಟರೂ ಕಿವಿಗೆ ಬೋಧಕ ಆರಿಸಿದ ಸದ್ದು ಬರುತ್ತದೆ. ನಿರುಪದ್ರವಿ ಮರ್ಮರ್ ಕಲಿಸಲು ನಮ್ಮ ಮೊದಲ ಆಯ್ಕೆ ಇದೇ, ಏಕೆಂದರೆ ಭಂಗಿ ಬದಲಿಸಬಹುದು. ಸ್ಟಿಲ್ ಮರ್ಮರ್ (ಮಕ್ಕಳಲ್ಲಿ ಸಾಮಾನ್ಯವಾದ ನಿರುಪದ್ರವಿ ಮರ್ಮರ್) ಮಲಗಿದಾಗ ಜೋರು, ನಿಂತಾಗ ಮೆಲ್ಲಗೆ. ವೀನಸ್ ಹಮ್ (ಕತ್ತಿನ ಅಭಿಧಮನಿಯ ಗುಂಯ್‌ಗುಡುವ ಸದ್ದು) ಕೂತಾಗ ಕೇಳಿ ಮಲಗಿದಾಗ ಮಾಯ. ವಾಲ್ಯೂಮ್ ಬದಲಾವಣೆಯನ್ನು ಭಂಗಿಯ ಜೊತೆಜೊತೆಗೇ ಮಾಡಬೇಕು, ತಡವಾದರೆ ಗುಟ್ಟು ರಟ್ಟು. ನಾಡಿಯೂ ಮೋಸ ಬಯಲು ಮಾಡುತ್ತದೆ: ಕೈಯಲ್ಲಿ 80, ಕಿವಿಯಲ್ಲಿ 150. ಹಾಗಾಗಿ ಶಿಶುವಿನ ಪ್ರಕರಣ ಇದಕ್ಕೆ ಒಗ್ಗದು. ಶಾಲೆಗೆ ಹೋಗುವ ವಯಸ್ಸಿನ ಮಗುವಿನ ಪ್ರಕರಣ ಆರಿಸಿ.

ಮೂಗು ಕಟ್ಟಿದ ಮಗುವಿನ ಗೊರಗೊರ ಎದೆಯಲ್ಲೆಲ್ಲ ಕೇಳಿ ಕ್ರ್ಯಾಕಲ್ (ಶ್ವಾಸಕೋಶದ ಚಟಪಟ ಸದ್ದು) ಎಂದು ದಾರಿತಪ್ಪಿಸುವುದನ್ನು ನಾಲ್ಕರಲ್ಲಿ ಯಾವುದೂ ಸರಿಯಾಗಿ ತೋರಿಸಲಿಲ್ಲ. ಸ್ಟೆತಸ್ಕೋಪನ್ನು ಮೂಗಿನ ಬಳಿ ಹಿಡಿದು, ಅಲ್ಲಿಯೇ ಸದ್ದು ಹೆಚ್ಚೇ ಎಂದು ಹೋಲಿಸುವ ಪಾಠವನ್ನು ವಾರ್ಡಿನಲ್ಲೇ ಮಾಡಬೇಕು.